ಇಂದುಮತಿಯ ಎಡಗೆನ್ನೆ

ನನ್ನ ಬಳಿ ಬರುವವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಫೋಟೋ ಹಿಡಿದುಕೊಂಡೇ ಬರುತ್ತಾರೆ. ಯಾವುದೋ ನಟಿಯ ಮೂಗು, ಯಾವುದೋ ನಟನ ದವಡೆ. ದರ್ಜಿಯ ಮುಂದೆ ಅಳತೆಯ ರವಿಕೆ ಇಟ್ಟ ಹಾಗೆ ಮೇಜಿನ ಮೇಲಿಟ್ಟು, ಹೀಗೇ ಮಾಡಿಕೊಡಿ ಎನ್ನುತ್ತಾರೆ. ಧಾರವಾಡದಲ್ಲಿ ಮೂವತ್ತು ವರ್ಷ ಮುಖದ ಶಸ್ತ್ರಚಿಕಿತ್ಸೆ ಮಾಡಿ, ಇದನ್ನೇ ನೋಡಿ ನೋಡಿ ನನ್ನ ನಾಲಿಗೆ ಖಾರವಾಗಿದೆ ಎಂದು ಆಸ್ಪತ್ರೆಯವರೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ಆದ್ದರಿಂದ ಅರವತ್ತಾರು ವರ್ಷದ ಇಂದುಮತಿ ಹೊಸೂರ ತಮ್ಮ ಚೀಲದಿಂದ ಒಂದು ಕಪ್ಪುಬಿಳುಪು ಫೋಟೋ ತೆಗೆದಾಗ ನಾನು ಕೈ ಚಾಚದೆ ಕುಳಿತಿದ್ದೆ.

"ಇದು ಯಾವ ಸಿನಿಮಾದಾಕಿರಿ?" ಎಂದೆ.

"ಸಿನಿಮಾದಾಕಿ ಅಲ್ರಿ, ನಾನ. ಇಪ್ಪತ್ತೆರಡನೇ ವರ್ಷದಾಗ ತೆಗಿಸಿದ್ದು," ಎಂದರು ಇಂದುಮತಿ. "ನನಗ ಈ ಮುಖ ವಾಪಸ್ ಬೇಕ್ರಿ ಡಾಕ್ಟರ. ಭಾಳ ದಿನಕ್ಕ ಬ್ಯಾಡ. ನಮ್ಮವ್ವ ಇರೂತನಕ ಸಾಕು."

ಅವರ ತಾಯಿ ನೀಲಗಂಗವ್ವನಿಗೆ ಎಂಬತ್ತೇಳು ವರ್ಷ. ನಾಲ್ಕು ವರ್ಷದಿಂದ ನೆನಪು ಒಂದೊಂದಾಗಿ ಉದುರಿ, ಈಗ ನಲವತ್ನಾಲ್ಕು ವರ್ಷ ಹಿಂದಿನ ಸಾವಿರದ ಒಂಬೈನೂರ ಎಂಬತ್ತೆಂಟನೇ ಇಸವಿಯಲ್ಲಿ ಬಂದು ನಿಂತಿತ್ತು. ಆ ವರ್ಷ ಇಂದುಮತಿ ದಿನವೂ ಬೆಳಗಿನ ರೈಲಿಗೆ ಹುಬ್ಬಳ್ಳಿಯ ಟೆಲಿಫೋನ್ ಕಚೇರಿಗೆ ಹೋಗಿ ಸಂಜೆ ಮರಳುತ್ತಿದ್ದರು. ಅವರು ಮದುವೆಯಾಗಲಿಲ್ಲ. ತಾಯಿ ಮಗಳು ಇಬ್ಬರೇ ಒಂದೇ ಮನೆಯಲ್ಲಿ ಬಾಳಿದರು, ದಿನವೂ ಸಂಜೆ ಒಟ್ಟಿಗೆ ಕೂತು ಉಂಡರು.

"ಈಗ ಅವ್ವ ನನಗ 'ರೀ' ಅಂತಾಳ್ರಿ," ಎಂದರು. "'ನೀವು ಯಾರ ಪೈಕಿ ಬಾಯಾರ?' ಅಂತ ಕೇಳ್ತಾಳ. ಹೆತ್ತ ತಾಯಿ ಬಾಯಾಗ 'ನೀವು' ಅನಿಸಿಕೊಳ್ಳೂದು ಹೆಂಗಿರ್ತೈತಿ ಅಂತ ನಿಮಗ ಹೆಂಗ ಹೇಳ್ಲಿ. ಹೋಗ್ಲಿ, ಅದನ್ನ ತಡಕೋತೀನಿ. ಆದ್ರ ಊಟ ಬಿಟ್ಟಾಳ್ರಿ. ಮಗಳು ಡ್ಯೂಟಿ ಮುಗಿಸಿ ಬರ್ಲಿ, ಇಬ್ರೂ ಕೂಡೇ ಉಣ್ತೀವಿ ಅಂತಾಳ. ಸಂಜೀತನಕ ಕಾಯ್ತಾಳ, ಮಗಳು ಬರಂಗಿಲ್ಲ. ಹಂಗ ಮಲಗ್ತಾಳ. ಮೂವತ್ನಾಲ್ಕು ಕಿಲೋ ಆಗ್ಯಾಳ್ರಿ."

ಮೂಗಿನಿಂದ ನಳಿಕೆ ಹಾಕಿದ್ದರಂತೆ. ಎರಡು ಸಲವೂ ಮುದುಕಿ ಕಿತ್ತು ಒಗೆದಿದ್ದಳು. ಇನ್ನು ಹೊಟ್ಟೆಗೆ ತೂತು ಹಾಕಿ ನಳಿಕೆ ಕೂರಿಸುವುದೊಂದೇ ದಾರಿ, ಅದನ್ನು ತಡೆದುಕೊಳ್ಳುವ ಶಕ್ತಿ ಆ ದೇಹಕ್ಕಿಲ್ಲ ಎಂದು ಅವರ ವೈದ್ಯರು ಹೇಳಿದ್ದರು.

ನಾನು ಒಪ್ಪಲಿಲ್ಲ. ಬೇರೆಯವರ ಕಣ್ಣಿಗಾಗಿ ನಿಮ್ಮ ಮುಖಕ್ಕೆ ಸೂಜಿ ಚುಚ್ಚುವುದಿಲ್ಲ ಎಂದೆ. ಇಂದುಮತಿ ಫೋಟೋ ಎತ್ತಿಕೊಳ್ಳದೆ, "ಬ್ಯಾರೇದವರಲ್ರಿ, ನಮ್ಮವ್ವ," ಎಂದಷ್ಟೇ ಹೇಳಿ ಅಲ್ಲೇ ಕುಳಿತರು. ಹಟಕ್ಕೆ ಬಿದ್ದವರನ್ನು ಎಬ್ಬಿಸುವ ಔಷಧ ಇನ್ನೂ ಬಂದಿಲ್ಲ. ಭಾನುವಾರ ಮನೆಗೆ ಬಂದು ನೋಡುತ್ತೇನೆ ಎಂದು ಹೇಳಿ ಕಳಿಸಿದೆ.

ಅವರು ನನ್ನನ್ನು ಹುಡುಕಿಕೊಂಡು ಬಂದದ್ದು ನನ್ನ ಕೈಗುಣಕ್ಕಲ್ಲ. ನಮ್ಮಲ್ಲಿರುವ ಯಂತ್ರಕ್ಕೆ. ಅದಕ್ಕೆ ಉದ್ದನೆಯ ವಿದೇಶಿ ಹೆಸರಿದೆ. ನಮ್ಮ ಎಂಜಿನಿಯರ್ ರೇಣುಕಾ ಅದನ್ನು ಹಿಂಗನ್ನಡಿ, ಅಂದರೆ ಹಿಂದಿನದನ್ನು ತೋರಿಸುವ ಕನ್ನಡಿ, ಎಂದು ಕರೆದಳು, ಅದೇ ಉಳಿಯಿತು.

ಕಣ್ಣಿನ ಕೆಳಗಿನಿಂದ ಮೇಲ್ದುಟಿಯವರೆಗೆ, ಮೂಗಿನ ಬದಿಯಿಂದ ಕಿವಿಯ ಹತ್ತಿರದವರೆಗೆ ನಿಮ್ಮ ಅಂಗೈ ಇಟ್ಟುಕೊಳ್ಳಿ. ಅಷ್ಟೇ ಜಾಗ. ಮನುಷ್ಯನ ವಯಸ್ಸು ಹೆಚ್ಚಾಗಿ ಅಲ್ಲೇ ಕೂತಿರುತ್ತದೆ. ಹಣೆಯ ಗೆರೆಯನ್ನು, ನರೆಗೂದಲನ್ನು ನೋಡುವವರ ಕಣ್ಣು ಕ್ಷಮಿಸಿಬಿಡುತ್ತದೆ, ಈ ಜಾಗವನ್ನು ಕ್ಷಮಿಸುವುದಿಲ್ಲ. ನಾನು ವಿದ್ಯಾರ್ಥಿಗಳಿಗೆ ಕೌದಿಯ ಉದಾಹರಣೆ ಕೊಡುತ್ತೇನೆ. ಮೇಲೆ ಚರ್ಮ, ಅದರಡಿ ಕೊಬ್ಬು, ಅದರಡಿ ನಗಿಸುವ ಅಳಿಸುವ ಸ್ನಾಯುಗಳು, ಮತ್ತೆ ಆಳದಲ್ಲಿ ಕೊಬ್ಬು, ಕೊನೆಗೆ ಮೂಳೆ. ಕೊಬ್ಬು ಒಂದೇ ಹಾಸಲ್ಲ, ಪುಟ್ಟ ಪುಟ್ಟ ಚೀಲಗಳಾಗಿ ಇರುತ್ತದೆ. ಕೌದಿಯ ಪದರಗಳನ್ನು ಹೊಲಿಗೆ ಹಿಡಿದಿಡುವ ಹಾಗೆ ಮೂಳೆಯಿಂದ ಚರ್ಮದವರೆಗೆ ಗಟ್ಟಿ ನಾರುಗಳು ಇವನ್ನೆಲ್ಲ ಹಿಡಿದಿರುತ್ತವೆ. ವಯಸ್ಸಾದಂತೆ ಕಣ್ಣಿನ ಕೆಳಗಿನ ಮೂಳೆ ಸವೆದು ಹಿಂದೆ ಸರಿಯುತ್ತದೆ. ಆಳದ ಚೀಲಗಳು ಬತ್ತುತ್ತವೆ. ಆಸರೆ ತಪ್ಪಿದ ಮೇಲಿನ ಪದರ ಜಾರಿ, ಹೊಲಿಗೆ ಇದ್ದಲ್ಲಿ ಸಿಕ್ಕಿಕೊಂಡು ಜೋಲುತ್ತದೆ. ಮೂಗಿನ ಬದಿಯಿಂದ ಬಾಯಿಯ ತನಕ ಬೀಳುವ ಗೆರೆ ಹುಟ್ಟುವುದು ಹೀಗೆ.

ಹಿಂದೆ ನಾವು ಚರ್ಮ ಎಳೆದು ಹೊಲಿಯುತ್ತಿದ್ದೆವು, ಮುಖ ಗಾಳಿಗೆ ಎದುರು ನಿಂತವರ ಹಾಗೆ ಕಾಣುತ್ತಿತ್ತು. ಹಿಂಗನ್ನಡಿ ಎಳೆಯುವುದಿಲ್ಲ. ಮುಖದ ಒಳಗನ್ನು ಪದರ ಪದರವಾಗಿ ಅಳೆದು, ಹಳೆಯ ಫೋಟೋದ ಜೊತೆ ಹೋಲಿಸಿ, ಆ ವಯಸ್ಸಿನಲ್ಲಿ ಯಾವ ಚೀಲದಲ್ಲಿ ಎಷ್ಟಿತ್ತು ಎಂದು ಲೆಕ್ಕ ಹಾಕುತ್ತದೆ. ಅಷ್ಟು ಜೆಲ್ಲನ್ನು ನಾನು ಸೂಜಿಯಿಂದ ಆಳಕ್ಕೆ ಇಳಿಸುತ್ತೇನೆ, ಧ್ವನಿತರಂಗ ಬಡಿದಾಗ ಅದು ಅಲ್ಲೇ ಗಟ್ಟಿಯಾಗುತ್ತದೆ. ಆರು ತಿಂಗಳಲ್ಲಿ ದೇಹ ಅದನ್ನು ಕರಗಿಸಿಕೊಳ್ಳುತ್ತದೆ. ಕೇಳುವುದಕ್ಕೆ ಸುಲಭ. ಆದರೆ ಕಣ್ಣಿನ ಗುಳಿಯಿಂದ ಒಂದು ಬೆರಳು ಕೆಳಗೆ ಮೂಳೆಯ ತೂತಿನಿಂದ ಒಂದು ನರ ಹೊರಬರುತ್ತದೆ, ಅದಕ್ಕೆ ತಾಗಿದರೆ ಕೆನ್ನೆ ತುಟಿ ಮರಗಟ್ಟುತ್ತವೆ. ಮೂಗಿನ ಪಕ್ಕದ ರಕ್ತನಾಳಕ್ಕೆ ಜೆಲ್ ಹೊಕ್ಕರೆ ಕಣ್ಣೇ ಹೋಗಬಹುದು. ಹಾಗಾಗಿ ವಯಸ್ಸಾದವರಿಗೆ ನಾನು ಸುಲಭಕ್ಕೆ ಹೂಂ ಅನ್ನುವುದಿಲ್ಲ.

ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ನೀಲಗಂಗವ್ವ ಬಾಗಿಲಿಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದಳು, ಸೀರೆಯೊಳಗೆ ಎಲುಬು ಬಿಟ್ಟರೆ ಏನೂ ಇರಲಿಲ್ಲ ಅನ್ನಬೇಕು. ಇಂದುಮತಿ ಅಡುಗೆಮನೆಯಿಂದಲೇ, "ಅವ್ವಾ, ಚಾ ಕುಡೀತಿಯೇನ?" ಎಂದು ಕೂಗಿದರು.

ಮುದುಕಿಯ ಮುಖ ಅರಳಿತು. "ಬಂದ್ಯಾ ಇಂದೂ? ಎಷ್ಟ ಹೊತ್ತ ಮಾಡಿದಿ!"

ಇಂದುಮತಿ ಕಪ್ಪು ಹಿಡಿದು ಹೊರಬಂದರು. ಅವರ ಮುಖ ಕಂಡದ್ದೇ ನೀಲಗಂಗವ್ವ ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಸೆರಗು ಎದೆಗೆ ಅವುಚಿಕೊಂಡಳು.

"ಬಾಯಾರ, ನಿಮ್ಮ ಕಾಲಿಗೆ ಬೀಳ್ತೀನಿ. ನನ್ನ ಮಗಳ ದನ್ಯಾಗ ಮಾತಾಡಬ್ಯಾಡ್ರಿ. ನನಗ ಅಂಜಿಕಿ ಬರ್ತೈತಿ."

ಇಂದುಮತಿ ಕಪ್ಪನ್ನು ನೆಲದ ಮೇಲಿಟ್ಟು ಒಳಗೆ ಹೋದರು. ಅದು ಅವರಿಗೆ ರೂಢಿಯಾಗಿತ್ತು, ನನಗೆ ಆಗಿರಲಿಲ್ಲ. ನಾನು ಅವರ ಹಿಂದೆಯೇ ಹೋಗಿ, ಆಗಲಿ, ಮಾಡೋಣ ಎಂದೆ.

ಆಸ್ಪತ್ರೆಯ ನೀತಿ ಸಮಿತಿ ನೂರೆಂಟು ಪ್ರಶ್ನೆ ಕೇಳಿ ಒಪ್ಪಿತು. ಇಂದುಮತಿ ಯಂತ್ರದಡಿ ಮಲಗಿದ ದಿನ ರೇಣುಕಾ ಪರದೆ ನೋಡುತ್ತ ತುಸು ತಡೆದಳು.

"ಮೇಡಂ, ಎಡಗಡೆ ಲೆಕ್ಕ ಕೂಡವಲ್ತರಿ. ಎಡ ಮೇಲ್ದವಡೆ ಮೂಳ್ಯಾಗ ಹಳೇ ತಗ್ಗು ಕಾಣಸ್ತದ. ಫೋಟೋದಾಗ ಆ ತಗ್ಗಿಲ್ಲ."

ತಗ್ಗು ಯಾವಾಗಿನದು ಎಂದು ಇಂದುಮತಿಯನ್ನು ಕೇಳಿದೆ. ನೆನಪಿಲ್ಲ ಎಂದರು. ಫೋಟೋದಲ್ಲಿಲ್ಲ ಎಂದ ಮೇಲೆ ಆಮೇಲೆ ಆದದ್ದಿರಬೇಕು, ಎರಡೂ ಕಡೆ ಸಮ ಬರುವ ಹಾಗೆ ಲೆಕ್ಕ ಕೂಡಿಸು ಎಂದು ರೇಣುಕಾಗೆ ಹೇಳಿದೆ. ಯಂತ್ರ ಎರಡು ಸಲ ಕೆಂಪು ಗುರುತು ತೋರಿಸಿತು, ನಾನು ಎರಡು ಸಲವೂ ಅದನ್ನು ಒತ್ತಿ ಅಳಿಸಿದೆ. ಮೂವತ್ತು ವರ್ಷದ ಅನುಭವದ ಅಹಂಕಾರ ಅದು, ಈಗ ಒಪ್ಪಿಕೊಳ್ಳುತ್ತೇನೆ.

ಎಂಟು ದಿನಕ್ಕೆ ಬಾವು ಇಳಿಯಿತು. ಕೂದಲಿಗೆ ಬಣ್ಣ ಹಾಕಿ ಒಂಟಿ ಜಡೆ ಹೆಣೆದ ಇಂದುಮತಿ ಥೇಟ್ ಫೋಟೋದ ಹುಡುಗಿಯೇ. ಹತ್ತಿರ ಹೋದರೆ ಕುತ್ತಿಗೆ ವಯಸ್ಸು ಹೇಳುತ್ತಿತ್ತು, ನಿಜ; ಆದರೆ ಮಂಜುಗಣ್ಣಿನ ತಾಯಿಗೆ ಇಷ್ಟು ಸಾಕು ಅಂದುಕೊಂಡೆವು. ಸಂಜೆ ರೈಲಿನ ಹೊತ್ತಿಗೆ ಅವರು ಹೊರಗಿನಿಂದ ಬಂದು ಅವ್ವನ ಮುಂದೆ ನಿಂತರು. ನಾನು ಬಾಗಿಲ ಬಳಿ ನಿಂತಿದ್ದೆ.

ನೀಲಗಂಗವ್ವ ಕಣ್ಣು ಕಿರಿದು ಮಾಡಿ ನೋಡಿದಳು.

"ಎಷ್ಟ ಚೆಂದ ಅದೀರಿ ಬಾಯಾರ! ಯಾರ ಮನಿಯವರು?"

ಅವ್ವನಿಗೆ ಹೊಸ ಹುಡುಗಿಯ ಮೇಲೆ ಅಕ್ಕರೆ ಬಂದುಬಿಟ್ಟಿತ್ತು. ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ದನಿ ತಗ್ಗಿಸಿದಳು.

"ನಮ್ಮ ಇಂದೂಗ ನಿಮ್ಮಂಗ ತುಂಬಿದ ಗಲ್ಲ ಇಲ್ರಿ. ಆರು ವರ್ಷದಾಕಿ ಇದ್ದಾಗ ಹಲ್ಲಿಗೆ ಕೀವು ತುಂಬಿ ಎಲುಬು ತಿಂತು, ಎಡಗಲ್ಲ ಒಳಗ ಹೋತು. ನೋಡಾಕ ಬರೋರು ಒಲ್ಲೆ ಅಂತಾರಂತ ನಾನ ಫೋಟೋದವರಿಗೆ ಹೇಳಿ ಗಲ್ಲ ತುಂಬಿಸೇನಿ. ಹೆಣ್ಣು ಹೆತ್ತಾಕಿ, ಏನ ಮಾಡ್ಲಿ? ಯಾರ ಮುಂದೂ ಆಡಬ್ಯಾಡ್ರಿ ಮತ್ತ."

ಅಂದು ರಾತ್ರಿಯೂ ಅವ್ವ ಉಣ್ಣಲಿಲ್ಲ ಎಂದು ಮಾರನೆಯ ದಿನ ತಿಳಿಯಿತು. ಅವ್ವನ ಮಾತು ಕೇಳಿದ ಮೇಲೆ ಎಲ್ಲ ನೆನಪಾಯಿತೆಂದು ಇಂದುಮತಿ ನನ್ನ ಕೋಣೆಗೆ ಬಂದು ಕಣ್ಣು ಒರೆಸಿಕೊಳ್ಳುತ್ತ ಹೇಳಿದರು: ವರನ ಕಡೆಗೆ ಕಳಿಸಲೆಂದೇ ತೆಗೆಸಿದ ಫೋಟೋ ಅದು. ಒಬ್ಬ ಫೋಟೋ ನೋಡಿ ಒಪ್ಪಿ ಬಂದ, ಎದುರಿಗೆ ನೋಡಿ ಚಹಾ ಸಹ ಮುಗಿಸದೆ ಎದ್ದು ಹೋದ. ಮುಂದೆ ಇಂದುಮತಿ ಯಾರ ಮುಂದೆಯೂ ಹೋಗಿ ಕೂರಲಿಲ್ಲ. ಫೋಟೋ ಮಾತ್ರ ಗೋಡೆಯ ಮೇಲೆ ಉಳಿಯಿತು.

"ದಿನಾ ಅದನ್ನ ನೋಡಿ ನೋಡಿ ನನ್ನ ಮುಖ ಹಂಗ ಇತ್ತಂತ ನಾನೂ ನಂಬಿಬಿಟ್ಟಿದ್ದೆ ನೋಡ್ರಿ," ಎಂದರು. "ನಿಮ್ಮ ಯಂತ್ರ ಖರೇ ಹೇಳಿತ್ತು."

ತಪ್ಪು ಯಂತ್ರದ್ದಲ್ಲ, ಅವರದ್ದೂ ಅಲ್ಲ. ನಾನೇ ಇಲ್ಲದ ಮುಖವೊಂದನ್ನು ಅವರಿಗೆ ಹಚ್ಚಿ ಕಳಿಸಿದ್ದೆ. ಈಗ ನಿಜವಾದ ಮುಖವನ್ನು ಎಲ್ಲಿಂದ ತರುವುದು? ಇಂದುಮತಿ ಆ ವಯಸ್ಸಿನಲ್ಲಿ ಬೇರೆ ಫೋಟೋ ತೆಗೆಸಿರಲೇ ಇಲ್ಲ. ರೇಣುಕಾ ಫೋಟೋ ತಿರುಗಿಸಿ ನೋಡಿದಾಗ ಹಿಂಬದಿಯಲ್ಲಿ ಸ್ಟುಡಿಯೋದ ಮಾಸಿದ ಠಸ್ಸೆ, ನೆಗೆಟಿವ್ ನಂಬರು ಇತ್ತು. ಸ್ಟುಡಿಯೋ ಮುಚ್ಚಿ ಇಪ್ಪತ್ತು ವರ್ಷವಾಗಿತ್ತು. ಅಲ್ಲಿ ಫೋಟೋ ತಿದ್ದುವ ಟಚಿಂಗ್ ಕೆಲಸ ಮಾಡುತ್ತಿದ್ದ ದಸ್ತಗೀರಸಾಬರು ಮಾತ್ರ ಹಳೇ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮೊಮ್ಮಗಳ ಮನೆಯಲ್ಲಿದ್ದರು. ಎಂಬತ್ನಾಲ್ಕು ವರ್ಷ, ಕೈ ನಡುಗುತ್ತಿತ್ತು, ಕಣ್ಣು ಮಾತ್ರ ಇನ್ನೂ ಚುರುಕು.

ಅವರು ಫೋಟೋ ನೋಡಿದರು, ಇಂದುಮತಿಯ ಮುಖ ನೋಡಿದರು, ಮತ್ತೆ ಫೋಟೋ ನೋಡಿದರು.

"ಅಲ್ರೀ, ನನ್ನ ಗಲ್ಲ ಇವರಿಗೆ ಯಾರು ಹಚ್ಚಿದ್ರು?"

"ನಾನ," ಎಂದೆ ತಲೆತಗ್ಗಿಸಿ.

"ಛಲೋ ಹಚ್ಚೀರಿ ಬಿಡ್ರಿ. ನಾನೂ ಹಿಂಗ ತುಂಬಿದ್ದೆ." ದಸ್ತಗೀರಸಾಬರು ಮನಸಾರೆ ನಕ್ಕರು. "ನಂದು ಒರಸಿದ್ರ ಹೋಗ್ತೈತಿ. ನಿಮ್ದು?"

"ನಂದೂ ಹೋಗ್ತದರಿ. ಅದಕ್ಕೂ ಒಂದು ಸೂಜಿ ಬೇಕು."

ಅಂದಿನ ಕೆಲಸದ ರೀತಿ ಹೀಗಿತ್ತು. ನೆಗೆಟಿವ್ ಮೇಲೆ ತೆಳ್ಳಗೆ ಒಂದು ಅಂಟು ಸವರಿ, ಅದರ ಮೇಲೆ ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲಿನಿಂದ ಸಣ್ಣ ಸಣ್ಣ ಗೀಟು ಹಾಕುವುದು. ನೆಗೆಟಿವಿನಲ್ಲಿ ಕಪ್ಪಾದದ್ದು ಫೋಟೋದಲ್ಲಿ ಬೆಳ್ಳಗೆ ಬರುತ್ತದೆ, ತಗ್ಗಿನ ನೆರಳು ಮಾಯವಾಗುತ್ತದೆ. ದಸ್ತಗೀರಸಾಬರು ಸ್ಟುಡಿಯೋ ಮುಚ್ಚುವಾಗ ನೆಗೆಟಿವ್‌ಗಳನ್ನು ಎಸೆಯಲು ಮನಸ್ಸಾಗದೆ ಮನೆಗೆ ತಂದಿದ್ದರು. ನಂಬರು ಹಿಡಿದು ಹುಡುಕಲು ಎರಡು ದಿನ ಬೇಕಾಯಿತು. ಸಿಕ್ಕಿದ ಮೇಲೆ ರೇಣುಕಾ ತಾನೇ ಒರೆಸುತ್ತೇನೆಂದರೆ ಅವರು ಬಿಡಲಿಲ್ಲ.

"ಸುಳ್ಳು ಬರದಾಂವ ನಾನು. ನಾನ ಒರಸತೀನಿ," ಎಂದು ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿದರು. ಬಲಗೈ ನಡುಗದಂತೆ ಎಡಗೈಯಿಂದ ಹಿಡಿದುಕೊಂಡು, ಒಂದು ಗಂಟೆ ಹೊತ್ತು ಒಂದು ಉಗುರಿನಷ್ಟು ಜಾಗ ಒರೆಸಿದರು. ಆಮೇಲೆ ಇಂದುಮತಿಯ ಕಡೆ ತಿರುಗಿ, "ತಪ್ಪು ತಿಳೀಬ್ಯಾಡ ತಂಗಿ. ನಿಮ್ಮ ತಾಯಿ ಅತ್ತು ಹೇಳಿದ್ರು, ನಾ ಮಾಡಿದೆ," ಎಂದರು.

ರೇಣುಕಾ ಅದನ್ನು ಪರದೆಯ ಮೇಲೆ ಫೋಟೋ ಮಾಡಿ ತೋರಿಸಿದಳು. ಎಡಗೆನ್ನೆಯಲ್ಲಿ ನೆರಳು ಬಿದ್ದ, ಫೋಟೋ ತೆಗೆಸಿಕೊಳ್ಳಲು ಸುತರಾಂ ಇಷ್ಟವಿಲ್ಲದ ಒಬ್ಬ ಹುಡುಗಿ. ಇಂದುಮತಿ ಬಹಳ ಹೊತ್ತು ನೋಡಿ, "ಈಕೀನ ನಾನು ಮರತೇಬಿಟ್ಟಿದ್ದೆನಲ್ರಿ," ಎಂದರು.

ಒರೆಸಿದ ಫೋಟೋದ ಲೆಕ್ಕದಂತೆ ಎಡಗೆನ್ನೆಯ ಆಳದಲ್ಲಿ ಹೆಚ್ಚಾಗಿದ್ದ ಜೆಲ್ಲನ್ನಷ್ಟೇ ಕರಗಿಸಿದೆ. ಯಂತ್ರ ಕೆಂಪು ಗುರುತು ತೋರಿಸಲಿಲ್ಲ. ಆದರೆ ಎರಡು ಸಲ ಚುಚ್ಚಿದ್ದಕ್ಕೆ ಒಳಗೆ ಉರಿಯೂತವೆದ್ದಿತ್ತು, ರಕ್ತನಾಳದ ಹತ್ತಿರವೇ. ಇನ್ನು ಈ ಮುಖಕ್ಕೆ ಸೂಜಿ ತಾಗಿಸಿದರೆ ಕಣ್ಣಿಗೆ ಅಪಾಯ ಎಂದು ಇಂದುಮತಿಗೆ ಸ್ಪಷ್ಟವಾಗಿ ಹೇಳಿದೆ. ಆರು ತಿಂಗಳು ಅಷ್ಟೇ, ಮತ್ತೆ ತುಂಬಲಾರೆ. ಅವರು ತಲೆಯಾಡಿಸಿದರು.

ಮತ್ತೆ ಸಂಜೆ ಆರೂವರೆ, ರೈಲಿನ ಹೊತ್ತು. ಮತ್ತೆ ಅದೇ ಬಾಗಿಲು. ಈ ಸಲ ನಾನು ಅಡುಗೆಮನೆಯಲ್ಲಿ ಅಡಗಿ ನಿಂತಿದ್ದೆ, ಸೋತರೆ ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ನೀಲಗಂಗವ್ವ ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಮೂವತ್ನಾಲ್ಕು ಕಿಲೋದ ಆ ದೇಹದಿಂದ ಎಂಥ ದನಿ ಹೊರಟಿತೆಂದರೆ ನನ್ನ ಕೈಯ ಲೋಟ ಜಾರಿತು.

"ಎಲ್ಲಿ ಹಾಳಾಗಿ ಹೋಗಿದ್ದಿ ಇಷ್ಟ ದಿನಾ? ರೈಲು ತಪ್ಪಿದ್ರ ಯಾರ ಕೂಡರ ಹೇಳಿ ಕಳಸಬೇಕಂತ ಗೊತ್ತಾಗಂಗಿಲ್ಲೇನ ನಿನಗ? ಊರಾಗಿನ ಫೋನೆಲ್ಲ ಹಚ್ಚಿ ಕೊಡ್ತಿ, ಹೆತ್ತ ತಾಯಿಗೊಂದು ಸುದ್ದಿ ಇಲ್ಲ! ಖೋಡಿ! ನನ್ನ ಹೊಟ್ಟಿ ಏನಾಗಬೇಕು?"

ಇಂದುಮತಿ ನೆಲದ ಮೇಲೆ ಕೂತು ಅವ್ವನ ಮೊಣಕಾಲು ಹಿಡಿದುಕೊಂಡರು. ಅಳುತ್ತಿದ್ದರೋ ನಗುತ್ತಿದ್ದರೋ, ಎರಡೂ ಇತ್ತು. "ಬೈಯವ್ವಾ, ಇನ್ನೂ ಬೈ," ಎನ್ನುತ್ತಿದ್ದರು.

"ಬೈದ್ರ ಹೊಟ್ಟಿ ತುಂಬತೈತೇನ? ಕೈಕಾಲು ತೊಳಕೊಂಡು ಬಾ. ಹಸದೀನಿ ನಾನು."

ಅಂದು ಇಬ್ಬರೂ ಒಂದೇ ತಾಟಿನಲ್ಲಿ ನುಚ್ಚು ಮಜ್ಜಿಗೆ ಉಂಡರು. ಅವ್ವ ಎರಡು ಸಲ ಹಾಕಿಸಿಕೊಂಡಳು. ನಾನು ಅಡುಗೆಮನೆಯಲ್ಲೇ ನಿಂತು ಸಣ್ಣ ಹುಡುಗಿಯ ಹಾಗೆ ಅತ್ತೆ.

ಸಂತೋಷದ ಬೆನ್ನಿಗೇ ಭಯ ಹತ್ತಿತು. ಜೆಲ್ ಕರಗುವುದು ನಿಲ್ಲುವುದಿಲ್ಲ. ವಾರಕ್ಕೊಮ್ಮೆ ಇಂದುಮತಿ ಬಂದು ಯಂತ್ರದಡಿ ಮಲಗುವರು, ರೇಣುಕಾ ಉಳಿದದ್ದೆಷ್ಟೆಂದು ಓದುವಳು. ಮುಕ್ಕಾಲು. ಅರ್ಧ. ಕಾಲು. ಹೋದ ವಾರ ಇಲ್ಲದ ಒಂದು ಸಡಿಲು ಈ ವಾರ ಕಣ್ಣಿನ ಕೆಳಗೆ ಕಾಣುವುದು. ನಲವತ್ನಾಲ್ಕು ವರ್ಷಗಳು ಆರೇ ತಿಂಗಳಲ್ಲಿ ಆ ಮುಖದ ಮೇಲೆ ನಡೆದು ಹೋದವು. ಅವ್ವ ಏನಂತಾಳೆ ಎಂದು ಕೇಳಲು ನನಗೆ ಅಂಜಿಕೆ. ಇಂದುಮತಿಯೂ ತಾವಾಗಿ ಹೇಳುತ್ತಿರಲಿಲ್ಲ, ಹೇಳಿದರೆ ದೃಷ್ಟಿಯಾದೀತೆಂಬ ಹಾಗೆ ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಆರನೇ ತಿಂಗಳ ಕೊನೆಗೆ ರೇಣುಕಾ ಸೊನ್ನೆ ಎಂದಳು. ಎದ್ದು ಕುಳಿತವರು ಮೊದಲ ದಿನ ನನ್ನ ಮುಂದೆ ಫೋಟೋ ಇಟ್ಟ ಅದೇ ಅರವತ್ತಾರರ ಹೆಂಗಸು.

"ಇವತ್ತು ಸಂಜೀಕ ಮನೀಗೆ ಬರ್ರಿ," ಎಂದರು ನನಗೆ.

ನಾನು ಹೋದಾಗ ತಾಯಿ ಮಗಳು ಹಾಸಿದ ಚಾಪೆಯ ಮೇಲೆ ಎದುರುಬದುರು ಕೂತಿದ್ದರು. ನೀಲಗಂಗವ್ವನ ಕೈಗಳು ತುಸು ತುಂಬಿಕೊಂಡಿದ್ದವು, ಬಳೆ ಜಾರುತ್ತಿರಲಿಲ್ಲ. ತಾಟು ಅವಳ ತೊಡೆಯ ಮೇಲಿತ್ತು. ಒಂದು ತುತ್ತು ತಾನು ತಿಂದು, ಇನ್ನೊಂದನ್ನು ಕಲೆಸಿ ಮಗಳ ಬಾಯಿಗೆ ಹಿಡಿಯುತ್ತಿದ್ದಳು. ನನ್ನನ್ನು ಕಂಡು, ಡಾಕ್ಟರ್ ಎಂದು ಮಗಳು ಹೇಳಿದ್ದೇ ತಡ, ದೂರು ತೆಗೆದಳು.

"ಛಲೋ ಆತು ಬಂದ್ರಿ. ನೋಡ್ರಿ ನಮ್ಮ ಹುಡುಗೀನ. ದಿನಾ ಒಂಚೂರು ಒಂಚೂರು ಸೊರಗಾಕತ್ತೈತಿ. ಆ ಆಫೀಸಿನವರು ದುಡಿಸಿ ದುಡಿಸಿ ಕಣ್ಣು ಒಳಗ ಹೋಗ್ಯಾವ, ಗಲ್ಲೆಲ್ಲ ಇಳಿದು ಜೋತ ಬಿದ್ದಾವ. ನಾ ಎದುರಿಗೆ ಕುಂತು ಉಣ್ಣಲಿಲ್ಲಂದ್ರ ಈಕೀನೂ ಉಣ್ಣಂಗಿಲ್ರಿ. ಈಕಿ ಸಲುವಾಗಿ ನಾನೂ ಉಣಬೇಕಾಗೈತಿ."

ಇಂದುಮತಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ಅಲ್ಲೇ ಅಳುತ್ತಿದ್ದೆವು.

"ಈಕಿ ಗಲ್ಲ ತುಂಬಾಕ ನಿಮ್ಮ ಹಂತೇಕ ಏನರ ಔಷಧ ಐತೇನ್ರಿ?" ಎಂದು ನೀಲಗಂಗವ್ವ ಕೇಳಿದಳು.

"ಇಲ್ಲರಿ ಅವ್ವಾ," ಎಂದೆ. "ನನ್ನ ಹತ್ರ ಏನೂ ಇಲ್ಲ. ನೀವು ಉಣಿಸೂದೊಂದ ಔಷಧ."

"ಕೇಳಿದಿಲ್ಲೋ?" ಎಂದಳು ಮುದುಕಿ ಮಗಳಿಗೆ. ಎಡಗೈಯಿಂದ ಆ ಜೋತುಬಿದ್ದ ಕೆನ್ನೆಯನ್ನು ಹಿಡಿದು, ಬಲಗೈಯಲ್ಲಿ ತುತ್ತು ಎತ್ತಿದಳು. "ಬಾಯಿ ತೆರಿ, ಇಂದೂ."